ಹಾವು ಕಡಿತದ ಪೆಟ್ಟಿಗೆ: ಒಳ್ಳೆಯ ಉಪಾಯವನ್ನು ಯಾರಿಗೆ ಕಳಿಸಬೇಕು?

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸದಸ್ಯನೂ ಹೌದು. ಅಲ್ಲಿನ ಸ್ಟಾಫ್ ನರ್ಸ್ ಒಬ್ಬರು ಹಾವು ಕಡಿದವರಿಗೆ ಬೇಕಾದ ಸಾಮಾನನ್ನೆಲ್ಲ ಒಂದು ಸ್ಟೀಲ್ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಾರೆ. ಗಾಜಿನ ಟೆಸ್ಟ್ ಟ್ಯೂಬ್, ಟೈಮರ್, ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು), ಅಡ್ರಿನಲಿನ್ (ಆ ಮದ್ದು ಮೈಗೆ ಒಗ್ಗದಿದ್ದರೆ ಕೊಡುವ ಚುಚ್ಚುಮದ್ದು), ಯಾವ ಆಸ್ಪತ್ರೆಗೆ ಫೋನ್ ಮಾಡಬೇಕು ಅಂತ ಬರೆದ ಚೀಟಿ. ಮೊದಲು ಇವನ್ನು ಒಂದೊಂದು ಕೋಣೆಯಲ್ಲಿ ಹುಡುಕಬೇಕಿತ್ತು. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು, ಇಂಥ ಕೆಲಸ ಬೆಳೆಸಲಿಕ್ಕೆಂದೇ ಅಲ್ಲಿ ಒಂದು ಸರ್ಕಾರಿ ಸಂಸ್ಥೆ ಇತ್ತು ಅನ್ನುತ್ತಾಳೆ. ನಮ್ಮಲ್ಲಿ ಅಂಥದ್ದು ಇದೆಯಾ? ಇದ್ದರೆ ಯಾರಿಗೆ ಕಳಿಸಬೇಕು? ಅಧಿಕಾರಿಯೊಬ್ಬರು "ಹೊಸತು ಏನಿದ್ದರೂ ಮೇಲಿಂದ ಬರಬೇಕು, ನೀವು ಸುಮ್ನಿರಿ" ಅಂದುಬಿಟ್ಟರು. ಕೊನೆಗೆ ಇನ್ನೊಂದು: ಈ ಪೆಟ್ಟಿಗೆಗೆ ಸಮಿತಿಯ ಹಣ ಬಳಸಬಹುದಾ?

ಉತ್ತರ:

ಇದೆ. ಒಂದಲ್ಲ, ಆರೇಳು ಇವೆ. ತೊಂದರೆ ಇರುವುದೂ ಅಲ್ಲೇ. ನಮ್ಮ ದೇಶದಲ್ಲಿ ಈ ಕೆಲಸವನ್ನು ಒಂದೇ ಸಂಸ್ಥೆಗೆ ಒಪ್ಪಿಸಿಲ್ಲ. ಹೊಸದನ್ನು ಹುಡುಕುವವರು ಒಬ್ಬರು. ಅದು ಕೊಟ್ಟ ದುಡ್ಡಿಗೆ ತಕ್ಕದ್ದಾ ಅಂತ ಲೆಕ್ಕ ಹಾಕುವವರು ಇನ್ನೊಬ್ಬರು. ಆಸ್ಪತ್ರೆ ಹೀಗಿರಬೇಕು ಅಂತ ಮಟ್ಟ ಗೊತ್ತುಮಾಡುವವರು ಮತ್ತೊಬ್ಬರು. ಒಂದು ಊರಲ್ಲಿ ಚೆನ್ನಾಗಿ ನಡೆದದ್ದನ್ನು ಪಕ್ಕದ ಊರಿಗೆ ಕಲಿಸುವ ಕೆಲಸ ಮಾತ್ರ ಯಾರದ್ದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ನಿಮ್ಮ ನರ್ಸ್ ಮಾಡಿದ್ದು ಈ ನಾಲ್ಕನೆಯ ಬಗೆಯ ಕೆಲಸ. ಅದಕ್ಕೇ ನಿಮಗೆ ವಿಳಾಸ ಸಿಗುತ್ತಿಲ್ಲ.

ಮೊದಲು ಅಕ್ಕನ ಮಗಳ ಮಾತಿಗೆ ಬರೋಣ. ಅವರು ಹೇಳಿದ್ದು ಸರಿ, "ಇತ್ತು" ಅಂದದ್ದೂ ಸರಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ 2001ರಲ್ಲಿ ಮಾಡರ್ನೈಸೇಷನ್ ಏಜೆನ್ಸಿ ಶುರುವಾಯಿತು. ಅದನ್ನು ಮುಚ್ಚಿ 2005ರಲ್ಲಿ 'ಎನ್‌ಎಚ್‌ಎಸ್ ಇನ್‌ಸ್ಟಿಟ್ಯೂಟ್ ಫಾರ್ ಇನೋವೇಷನ್ ಅಂಡ್ ಇಂಪ್ರೂವ್‌ಮೆಂಟ್' ಕಟ್ಟಿದರು. ಅದು ವಾರಿಕ್ ವಿಶ್ವವಿದ್ಯಾಲಯದ ಆವರಣದಲ್ಲಿತ್ತು. 2013ರಲ್ಲಿ ಅದೂ ಮುಚ್ಚಿತು. ಆಮೇಲೆ ಬೇರೆ ಹೆಸರುಗಳು ಬಂದವು. 2016ರಲ್ಲಿ ಬಂದ ಎನ್‌ಎಚ್‌ಎಸ್ ಇಂಪ್ರೂವ್‌ಮೆಂಟ್ 2022ರಲ್ಲಿ, ಆ ಸೇವೆಯನ್ನು ನೋಡಿಕೊಳ್ಳುವ ಎನ್‌ಎಚ್‌ಎಸ್ ಇಂಗ್ಲೆಂಡ್ ಜೊತೆ ಸೇರಿಹೋಯಿತು. 2025ರ ಮಾರ್ಚಿನಲ್ಲಿ ಆ ಎನ್‌ಎಚ್‌ಎಸ್ ಇಂಗ್ಲೆಂಡನ್ನೇ ಆರೋಗ್ಯ ಇಲಾಖೆಯೊಳಗೆ ಸೇರಿಸುತ್ತೇವೆ ಅಂತ ಅಲ್ಲಿನ ಸರ್ಕಾರ ಹೇಳಿತು. ಸರ್ಕಾರ ಬದಲಾದಂತೆ ಬೋರ್ಡ್ ಬದಲಾಗುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದರೆ, ಅಲ್ಲ.

ಆದರೆ ಆ ಸಂಸ್ಥೆ ಬಿಟ್ಟುಹೋದ ಒಂದು ಕೆಲಸ ನೋಡುವಂಥದ್ದು. ಹೆಸರು 'ಪ್ರೊಡಕ್ಟಿವ್ ವಾರ್ಡ್'. ನರ್ಸ್‌ಗಳ ಸಮಯ ಎಲ್ಲಿ ಹೋಗುತ್ತಿದೆ ಅಂತ ನೋಡಿದರು. ಅರ್ಧಕ್ಕಿಂತ ಜಾಸ್ತಿ ಹೊತ್ತು ರೋಗಿಯ ಹತ್ತಿರ ಇರಲಿಕ್ಕೇ ಆಗುತ್ತಿರಲಿಲ್ಲ. ಸಾಮಾನು ಹುಡುಕುವುದು, ನಡೆಯುವುದು, ಬರೆಯುವುದು, ಇದರಲ್ಲೇ ಹೊತ್ತು ಕಳೆಯುತ್ತಿತ್ತು. ವಾರ್ಡಿನ ನಕ್ಷೆ ತೆಗೆದುಕೊಂಡು ಒಬ್ಬ ನರ್ಸ್ ಓಡಾಡಿದ ಕಡೆಗೆಲ್ಲ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಪಾಳಿ ಮುಗಿಯುವಾಗ ಹಾಳೆ ಗೆರೆಗಳಿಂದ ತುಂಬಿ ಗೋಜಲಾಗಿರುತ್ತಿತ್ತು. ಆಮೇಲೆ ಕಪಾಟು ಎಲ್ಲಿರಬೇಕು, ಯಾವ ಸಾಮಾನು ಯಾವ ಮಟ್ಟದಲ್ಲಿರಬೇಕು ಅಂತ ವಾರ್ಡಿನವರೇ ಕೂತು ತೀರ್ಮಾನಿಸುತ್ತಿದ್ದರು. ಹೊಸ ಯಂತ್ರ ಬಂದದ್ದಲ್ಲ, ಹೊಸ ಔಷಧಿ ಬಂದದ್ದಲ್ಲ. ನಿಮ್ಮ ನರ್ಸ್ ಯಾವ ತರಬೇತಿಯೂ ಇಲ್ಲದೆ ಮಾಡಿದ್ದು ಇದೇ ಜಾತಿಯ ಕೆಲಸ.

ಇನ್ನು ನಮ್ಮ ಕಡೆಗೆ. ಸಂಸ್ಥೆಗಳ ಪಟ್ಟಿ ಕೊಟ್ಟರೆ ನೀವು ಎರಡನೇ ಸಾಲಿಗೇ ಬಿಟ್ಟುಬಿಡುತ್ತೀರಿ. ಅದಕ್ಕೆ ಹಾವಿನ ಕಡಿತವನ್ನೇ ಇಟ್ಟುಕೊಂಡು ಹೇಳುತ್ತೇನೆ. ತೋಟದಲ್ಲಿ ಕಳೆ ಕೊಚ್ಚುವಾಗ, ದರಗಿನ ಒಳಗೆ ಕೈ ಹಾಕಿದಾಗ ಒಬ್ಬರಿಗೆ ಕಡಿಯಿತು ಅನ್ನಿ. ಆ ಒಂದು ಕಡಿತದ ಹಿಂದೆ ಎಷ್ಟು ಕಚೇರಿಗಳಿವೆ ನೋಡಿ.

ಮೊದಲನೆಯದು ಎಣಿಸುವ ಕೆಲಸ. ನಮ್ಮ ದೇಶದಲ್ಲಿ ಹಾವು ಕಡಿದು ಎಷ್ಟು ಜನ ಸಾಯುತ್ತಾರೆ ಅಂತ ಬಹಳ ಕಾಲ ಸರಿಯಾದ ಲೆಕ್ಕವೇ ಇರಲಿಲ್ಲ. ಆಸ್ಪತ್ರೆಗೆ ಬಂದವರದ್ದು ಮಾತ್ರ ಪುಸ್ತಕದಲ್ಲಿರುತ್ತಿತ್ತು. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ, ಸತ್ತವರು ಹೇಗೆ ಸತ್ತರು ಅಂತ ಕೇಳಿದರು. ಆ ಮಾಹಿತಿ ಇಟ್ಟುಕೊಂಡು 2020ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 2000ದಿಂದ 2019ರವರೆಗೆ ಸುಮಾರು 12 ಲಕ್ಷ ಸಾವು. ವರ್ಷಕ್ಕೆ ಸರಾಸರಿ 58,000. ಎಣಿಸಿದ ಮೇಲೆಯೇ ಇದು ದೊಡ್ಡ ಸಮಸ್ಯೆ ಅಂತ ಎಲ್ಲರಿಗೂ ಹೊಳೆದದ್ದು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಸಾರಿತು. ಖಾಸಗಿ ಆಸ್ಪತ್ರೆಯಾದರೂ ವರದಿ ಮಾಡಲೇಬೇಕು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಉಳಿದ ರಾಜ್ಯಗಳಿಗೂ ಹೀಗೆ ಮಾಡಿ ಅಂತ ಬರೆಯಿತು. ಹಾವು ಕಡಿತಕ್ಕೆ ರಾಷ್ಟ್ರೀಯ ಕ್ರಿಯಾ ಯೋಜನೆ ಬಂದದ್ದು 2024ರ ಮಾರ್ಚಿನಲ್ಲಿ. 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸಬೇಕು ಅಂತ ಅದರ ಗುರಿ.

ಎರಡನೆಯದು ಸಂಶೋಧನೆ. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೊಡಗಿನ ತೋಟದಲ್ಲಿ ಇನ್ನೂ ಒಂದು ಕಷ್ಟ ಇದೆ. ಪಶ್ಚಿಮ ಘಟ್ಟದ ಗುಳಿಮಂಡಲಗಳು, ಅಂದರೆ ಪಿಟ್ ವೈಪರ್ ಜಾತಿಯವು, ಆ ನಾಲ್ಕರಲ್ಲಿ ಇಲ್ಲ. ಅದರಲ್ಲೂ ಮೂತಿ ಮೇಲಕ್ಕೆತ್ತಿದಂತಿರುವ ಹಂಪ್-ನೋಸ್ಡ್ ಪಿಟ್ ವೈಪರ್ ಕಡಿದರೆ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಅದಕ್ಕೆ ಬಾಟಲಿ ಮೇಲೆ ಬಾಟಲಿ ಆಂಟಿವೆನಮ್ ಹಾಕಿದರೂ ಪ್ರಯೋಜನ ಇಲ್ಲ. ಡಯಾಲಿಸಿಸ್ ಇರುವ ಆಸ್ಪತ್ರೆಗೆ ಬೇಗ ಕಳಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಷ ಸಂಶೋಧನಾ ತಂಡ 2019ರಲ್ಲೇ, ಈ ನಾಲ್ಕರ ಹೊರಗಿನ ಹಾವುಗಳ ಮೇಲೆ ನಮ್ಮ ಆಂಟಿವೆನಮ್ ಎಷ್ಟು ಸೋಲುತ್ತದೆ ಅಂತ ತೋರಿಸಿತ್ತು. ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಟ್ಟು ನಡೆಸುವ ನಮ್ಮ ಮುಖ್ಯ ಸಂಸ್ಥೆ ಐಸಿಎಂಆರ್. 1911ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ್ದು. 1949ರಲ್ಲಿ ಈ ಹೆಸರು ಬಂತು. ಅದು ಈಗ 2007ರಲ್ಲಿ ಆದ ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗಿದೆ.

ಮೂರನೆಯದು ತೂಗಿ ನೋಡುವ ಕೆಲಸ. ಹೊಸ ಪರೀಕ್ಷೆ, ಹೊಸ ಯಂತ್ರ ಬಂತು ಅನ್ನಿ. ಅದಕ್ಕೆ ಸರ್ಕಾರ ಹಾಕುವ ದುಡ್ಡಿಗೆ ಜನರಿಗೆ ಎಷ್ಟು ಆರೋಗ್ಯ ಸಿಗುತ್ತದೆ? ಇಂಗ್ಲೆಂಡಿನಲ್ಲಿ ಇದಕ್ಕೆ 1999ರಿಂದ 'ನೈಸ್' ಅನ್ನುವ ಸಂಸ್ಥೆ ಇದೆ, ಅದರ ಮಾತಿಗೆ ತೂಕ ಜಾಸ್ತಿ. ನಮ್ಮಲ್ಲಿ ಅದೇ ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ 'ಎಚ್‌ಟಿಎಇನ್' ಅನ್ನುವ ವ್ಯವಸ್ಥೆ ಇದೆ. ಅವರು ಮೊದಮೊದಲು ಕೈಗೆತ್ತಿಕೊಂಡದ್ದರಲ್ಲಿ ಕಣ್ಣಿನ ಪೊರೆಯ ಆಪರೇಷನ್ ಒಂದು. ದುಬಾರಿ ಯಂತ್ರದ ವಿಧಾನಕ್ಕಿಂತ, ಸಣ್ಣ ಗಾಯದ ಕೈ ಆಪರೇಷನ್ ಮತ್ತು ಸಾಮಾನ್ಯ ಲೆನ್ಸ್ ಸರ್ಕಾರಿ ದುಡ್ಡಿಗೆ ಹೆಚ್ಚು ತಕ್ಕದ್ದು ಅಂತ ಹೇಳಿದರು. ಹೊಸತೆಲ್ಲ ಮೇಲು ಅಂತ ನಂಬುವವರು ಇದನ್ನು ಓದಬೇಕು. ನಿಮ್ಮ ಪೆಟ್ಟಿಗೆ ಇವರ ಹತ್ತಿರ ಹೋಗುವಂಥದ್ದಲ್ಲ, ಅದರ ಖರ್ಚೇ ಅಷ್ಟು ಕಡಿಮೆ.

ಈಗ ನಿಮ್ಮ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದೆವು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಮೇಲಿನ ಅಷ್ಟೂ ಕಚೇರಿಗಳ ಕೆಲಸ ಸಾರ್ಥಕ ಆಗುವುದು ಅಥವಾ ಹಾಳಾಗುವುದು ಇಲ್ಲೇ, ಒಂದು ಗಾಜಿನ ಟ್ಯೂಬಿನಲ್ಲಿ.

ಹಾವು ಕಡಿದವರು ಬಂದರೆ ಮಾಡಬೇಕಾದ ಮುಖ್ಯ ಪರೀಕ್ಷೆ 20 ನಿಮಿಷದ್ದು. ರಕ್ತನಾಳದಿಂದ 2 ಮಿಲಿ ಲೀಟರ್ ರಕ್ತ ತೆಗೆದು, ಚೊಕ್ಕವಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಬೇಕು. 20 ನಿಮಿಷ ಅಲುಗಾಡಿಸಬಾರದು. ಆಮೇಲೆ ಒಂದು ಸಲ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಒಳಗೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಲ್ಯಾಬ್ ಬೇಡ, ಕರೆಂಟ್ ಬೇಡ. ಜುಲೈ ಮಳೆಗೆ ಮರ ಬಿದ್ದು ಲೈನ್ ಹೋಗಿದ್ದರೂ ಟಾರ್ಚ್ ಹಿಡಿದು ಮಾಡಬಹುದು.

ಇಷ್ಟು ಸುಲಭವಾದದ್ದು ಎಲ್ಲಿ ಕೆಡುತ್ತದೆ ಗೊತ್ತಾ? ಟ್ಯೂಬು ಪ್ಲಾಸ್ಟಿಕ್ಕಿನದ್ದಾಗಿರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ರಕ್ತ ಗಾಜಿನಲ್ಲಿ ಹೆಪ್ಪುಗಟ್ಟಿದ ಹಾಗೆ ಹೆಪ್ಪುಗಟ್ಟುವುದಿಲ್ಲ, ಇಲ್ಲದ ವಿಷ ಇದ್ದಂತೆ ಕಾಣುತ್ತದೆ. ಅಥವಾ ಟ್ಯೂಬು ಗಾಜಿನದ್ದೇ, ಆದರೆ ಸೋಪಿನ ಪುಡಿ ಹಾಕಿ ತೊಳೆದದ್ದು. ಆಗಲೂ ಅದೇ ಕಥೆ. ಅಥವಾ ಒಳಗೆ ನೀರಿನ ಪಸೆ ಇರುತ್ತದೆ, ಕೊಡಗಿನ ಮಳೆಗಾಲದಲ್ಲಿ ಯಾವುದು ತಾನೇ ಒಣಗುತ್ತದೆ ಹೇಳಿ. ಇನ್ನು ಕೆಲವು ಕಡೆ ಟ್ಯೂಬಿಟ್ಟವರು ಬೇರೆ ರೋಗಿಯ ಕಡೆಗೆ ಹೋಗಿ, 12 ನಿಮಿಷಕ್ಕೋ 40 ನಿಮಿಷಕ್ಕೋ ಬಂದು ನೋಡುತ್ತಾರೆ. ನಿಮ್ಮ ನರ್ಸ್ ಟೈಮರ್ ಇಟ್ಟದ್ದು ಎಂಥ ಜಾಣತನ ಅಂತ ಈಗ ಗೊತ್ತಾಯಿತಲ್ವಾ? ಅವರಿಗೆ ನನ್ನದೊಂದು ಸಲಹೆ ಹೇಳಿ: ಪೆಟ್ಟಿಗೆಯಲ್ಲಿ ಹೊಸ ಗಾಜಿನ ಟ್ಯೂಬುಗಳನ್ನೇ ಇಡಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಲಿ, ಒಮ್ಮೆ ಬಳಸಿದ್ದನ್ನು ತೊಳೆದು ಮತ್ತೆ ಬಳಸದಿರಲಿ. ಚೀಟಿಯಲ್ಲಿ ಡಯಾಲಿಸಿಸ್ ಇರುವ ಆಸ್ಪತ್ರೆಯ ನಂಬರನ್ನು ಬೇರೆಯಾಗಿ ಬರೆಯಲಿ. ಹಾವನ್ನು ಹಿಡಿದು ತನ್ನಿ ಅಂತ ಯಾರಿಗೂ ಹೇಳದಿರಲಿ. ಅದು ಇನ್ನೊಬ್ಬರಿಗೆ ಕಡಿಯುವ ದಾರಿ.

ಆಸ್ಪತ್ರೆ ಹೀಗಿರಬೇಕು ಅಂತ ಮಟ್ಟ ಗೊತ್ತುಮಾಡುವವರು ಎನ್‌ಎಚ್‌ಎಸ್‌ಆರ್‌ಸಿ, ಅಂದರೆ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಗಳ ಸಂಪನ್ಮೂಲ ಕೇಂದ್ರ. ದೆಹಲಿಯಲ್ಲಿದೆ. ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸಲಹೆ ಕೊಡಲಿಕ್ಕೆ ಕಟ್ಟಿದ್ದು. ಅಕ್ಕನ ಮಗಳು ಹೇಳಿದ ಸಂಸ್ಥೆಗೆ ನಮ್ಮಲ್ಲಿ ಹತ್ತಿರ ಬರುವುದು ಇದೇ. ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟದ ಪಟ್ಟಿ, ಎಲ್ಲರೂ 'ಎನ್‌ಕ್ವಾಸ್' ಅನ್ನುವುದು, ಇವರದ್ದೇ. ಎಂಟು ವಿಭಾಗ, ಒಂದೊಂದಕ್ಕೂ ಅಂಕ. ನೂರಕ್ಕೆ 70 ಅಥವಾ ಹೆಚ್ಚು ಬಂದರೆ ಪ್ರಮಾಣಪತ್ರ. 2015ರಲ್ಲಿ ಬಂದ 'ಕಾಯಕಲ್ಪ' ಪ್ರಶಸ್ತಿ ಚೊಕ್ಕತನಕ್ಕೆ, ಸೋಂಕು ತಡೆಗೆ. ಶುರುವಾದಾಗ ಜಿಲ್ಲೆಯ ಅತ್ಯುತ್ತಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 2 ಲಕ್ಷ ರೂಪಾಯಿ ಇಟ್ಟಿದ್ದರು. 2017ರ ಡಿಸೆಂಬರಿನಲ್ಲಿ ಬಂದ 'ಲಕ್ಷ್ಯ' ಹೆರಿಗೆ ಕೋಣೆಗೆ.

ಈ ಮೂರರ ಬಗ್ಗೆ ನನಗೆ ಗೌರವ ಇದೆ. ಕಾಯಕಲ್ಪ ಬಂದ ಮೇಲೆ ಎಷ್ಟೋ ಆಸ್ಪತ್ರೆಗಳ ಮುಖವೇ ಬದಲಾಯಿತು, ಇದನ್ನು ಒಪ್ಪಲೇಬೇಕು. ಆದರೆ ಪರೀಕ್ಷಕರು ಬರುವ ವಾರ ಪೇಂಟ್ ಹೊಡೆದು, ರಿಜಿಸ್ಟರ್ ಬರೆದು, ಹೋದ ಮರುವಾರ ಹಳೇ ಹಾದಿ ಹಿಡಿಯುವುದನ್ನೂ ನೀವು ನೋಡಿರುತ್ತೀರಿ. ಪರೀಕ್ಷಕರ ಪಟ್ಟಿ "ಆಂಟಿವೆನಮ್ ಇದೆಯಾ" ಅಂತ ಕೇಳಬಹುದು. ರಾತ್ರಿ 11ಕ್ಕೆ ಅದು ಎಷ್ಟು ನಿಮಿಷದಲ್ಲಿ ಕೈಗೆ ಸಿಗುತ್ತದೆ, ಸ್ಟೋರಿನ ಕೀಲಿ ಯಾರ ಹತ್ತಿರ ಇರುತ್ತದೆ ಅನ್ನುವುದು ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಗೊತ್ತು. ಮಟ್ಟ ಅಳೆಯುವುದು ಬೇರೆ, ಕೆಲಸ ಸುಧಾರಿಸುವುದು ಬೇರೆ. ನಮ್ಮಲ್ಲಿ ಮೊದಲನೆಯದಕ್ಕೆ ಸಿಬ್ಬಂದಿ ಇದ್ದಾರೆ, ದುಡ್ಡಿದೆ, ಸಮಾರಂಭವೂ ಇದೆ.

ಎರಡನೆಯದಕ್ಕೆ, ಅಂದರೆ ಕೆಲಸ ಸುಧಾರಿಸುವುದಕ್ಕೆ, ಏನೂ ಇಲ್ಲ ಅಂತಲ್ಲ. ಎನ್‌ಎಚ್‌ಎಸ್‌ಆರ್‌ಸಿಯವರು ಒಂದು ಪೋರ್ಟಲ್ ಮಾಡಿದ್ದಾರೆ, ರಾಷ್ಟ್ರೀಯ ಆರೋಗ್ಯ ಸೇವಾ ನಾವೀನ್ಯ ಪೋರ್ಟಲ್. ಸಾಧನ ಕಂಡುಹಿಡಿದವರೂ, ಕೆಲಸದ ಹೊಸ ವಿಧಾನ ಮಾಡಿದವರೂ ಅದರಲ್ಲಿ ವಿವರ ಹಾಕಬಹುದು. ಒಳ್ಳೆಯ ಪ್ರಯೋಗಗಳನ್ನು ತೋರಿಸಲಿಕ್ಕೆ ಕೇಂದ್ರ ಸಚಿವಾಲಯ 2013ರಿಂದ ರಾಷ್ಟ್ರೀಯ ಸಮಾವೇಶವನ್ನೂ ನಡೆಸಿಕೊಂಡು ಬಂದಿದೆ. ಇದಲ್ಲದೆ ದೆಹಲಿಯ ಏಮ್ಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ, ಆಸ್ಪತ್ರೆಯ ಸಿಬ್ಬಂದಿಯೇ ಮಾಡಿಕೊಳ್ಳಬಹುದಾದ ಸುಧಾರಣೆಗೆ ಒಂದು ಪುಟ್ಟ ಕೈಪಿಡಿ ತಂದಿವೆ. ನಾಲ್ಕೇ ಹೆಜ್ಜೆ: ಒಂದು ತೊಂದರೆ ಆರಿಸಿಕೊಂಡು ತಂಡ ಕಟ್ಟು, ಕಾರಣ ಹುಡುಕಿ ಅಳೆ, ಸಣ್ಣದಾಗಿ ಒಂದು ಬದಲಾವಣೆ ಮಾಡಿ ನೋಡು, ಸರಿಹೋದರೆ ಅದನ್ನು ಉಳಿಸಿಕೊ. ಪುಕ್ಕಟೆ ಸಿಗುತ್ತದೆ. ನಿಮ್ಮ ನರ್ಸ್‌ಗೆ ಒಂದು ಪ್ರತಿ ಪ್ರಿಂಟ್ ತೆಗೆಸಿ ಕೊಡಿ.

ಅವರು ಮಾಡಿದ್ದು ಪೆಟ್ಟಿಗೆಯಲ್ಲದೆ ಹೊಸ ಯಂತ್ರವಾಗಿದ್ದರೆ ದಾರಿ ಇನ್ನೂ ಸ್ಪಷ್ಟ ಇರುತ್ತಿತ್ತು. ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ 2012ರಲ್ಲಿ ಕಟ್ಟಿದ 'ಬೈರಾಕ್' ಹೊಸ ಕಲ್ಪನೆಗೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ. ಓದಿಲ್ಲದ ಹಳ್ಳಿಯ ಕುಶಲಿಗಳಿಗೆ ಗುಜರಾತಿನ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಇದೆ, 2000ದಿಂದ. ಕ್ಷಯ ಪತ್ತೆಗೆ ಈಗ ಬಳಸುವ, ಬ್ಯಾಟರಿಯಲ್ಲಿ ನಡೆಯುವ 'ಟ್ರೂನ್ಯಾಟ್' ಯಂತ್ರ ಬೆಂಗಳೂರಿನ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಐಸಿಎಂಆರ್ ಪರೀಕ್ಷಿಸಿತು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಯಂತ್ರಕ್ಕೆ ಈ ರಸ್ತೆ ಇದೆ. ನರ್ಸ್ ತಲೆಯೊಳಗಿನ ಉಪಾಯಕ್ಕೆ ಕಾಲುದಾರಿಯೇ ಗತಿ.

ಅದಿರಲಿ, ಒಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಕೇಂದ್ರದಲ್ಲಿ ಒಳ್ಳೆಯದಾಯಿತು ಅಂತ ನಾಳೆಯೇ ಇಡೀ ಜಿಲ್ಲೆಗೆ ಆದೇಶ ಮಾಡಿಸಲು ಹೋಗಬೇಡಿ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಪಟ್ಟಿಯನ್ನು ಮೊದಲು ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ ಪ್ರಯೋಗಿಸಿದರು. ಪ್ರತಿ ಹೆರಿಗೆಯಲ್ಲೂ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಪಟ್ಟಿ ಬಂದ ಮೇಲೆ 25 ಆದವು. 2012ರಲ್ಲಿ ಇದು ಪ್ರಕಟವಾದಾಗ ಎಲ್ಲರಿಗೂ ಖುಷಿ. ಆಮೇಲೆ ಅದನ್ನೇ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿ, ದೊಡ್ಡದಾಗಿ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು. ಸಿಬ್ಬಂದಿಯ ಕೆಲಸದ ರೀತಿ ಸುಧಾರಿಸಿತ್ತು. ತಾಯಿ, ಮಗುವಿನ ಸಾವು ಮಾತ್ರ ಕಡಿಮೆಯಾಗಿರಲಿಲ್ಲ. ಪಟ್ಟಿ ಕೆಟ್ಟದ್ದು ಅಂತ ಅಲ್ಲ. ರಕ್ತ, ವೈದ್ಯರು, ದೊಡ್ಡಾಸ್ಪತ್ರೆಗೆ ಸಾಗಿಸುವ ವ್ಯವಸ್ಥೆ, ಇವೆಲ್ಲ ಹಿಂದೆ ನಿಲ್ಲದಿದ್ದರೆ ಪಟ್ಟಿಯೊಂದೇ ಎಷ್ಟು ಮಾಡೀತು? ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1980ರ ದಶಕದಲ್ಲಿ ಕಾವೇರಿ ತಳಿಯ ಅರೇಬಿಕಾ ಕಾಫಿ ಬಂದಾಗ ಎಲೆಯ ತುಕ್ಕು ರೋಗದ ಕಾಟವೇ ಮುಗಿಯಿತು ಅಂತ ಎಷ್ಟು ಜನ ಹಾಕಿದರು, ಆಮೇಲೆ ತೋಟದಲ್ಲಿ ಅದಕ್ಕೂ ತುಕ್ಕು ಹಿಡಿದದ್ದು ಬೆಳೆಗಾರರಿಗೆ ನೆನಪಿದೆ.

ಹಾಗಾದರೆ ಏನು ಮಾಡಬೇಕು? ಮೊದಲು ಅಳೆಯಿರಿ. ಒಂದು ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಬರುವ ಹಾವು ಕಡಿತದ ಕೇಸ್ ಹೆಚ್ಚೇನೂ ಇರುವುದಿಲ್ಲ. ಅದಕ್ಕೇ ಸಾವು ಕಡಿಮೆಯಾಯಿತಾ ಅಂತ ನೋಡಲು ಹೊರಟರೆ ಹತ್ತು ವರ್ಷವಾದರೂ ಉತ್ತರ ಸಿಗದು. ಬದಲಿಗೆ ಸಮಯ ನೋಡಿ. ರೋಗಿ ಬಾಗಿಲಿಗೆ ಬಂದದ್ದು ಎಷ್ಟು ಹೊತ್ತಿಗೆ, ಟ್ಯೂಬಿಗೆ ರಕ್ತ ಹಾಕಿದ್ದು ಎಷ್ಟು ಹೊತ್ತಿಗೆ, ಬೇಕಾದವರಿಗೆ ಮೊದಲ ಆಂಟಿವೆನಮ್ ಶುರುವಾದದ್ದು ಎಷ್ಟು ಹೊತ್ತಿಗೆ. ಈ ಮೂರೂ ಸಮಯಗಳನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ ಹಾಳೆಯಲ್ಲಿ ಬರೆದರೆ ಸಾಕು. ಹೋದ ವರ್ಷದ ಕೇಸ್ ಶೀಟುಗಳಲ್ಲಿ ಸಮಯ ಬರೆದಿದ್ದರೆ ಅದನ್ನೂ ತೆಗೆಯಿರಿ. ಪೆಟ್ಟಿಗೆಗೆ ಮೊದಲು, ಪೆಟ್ಟಿಗೆ ಬಂದ ಮೇಲೆ, ಎರಡೂ ಪಕ್ಕಪಕ್ಕ ಇದ್ದರೆ ಯಾರೂ ಬಾಯಿ ಮುಚ್ಚಿಸಲಾರರು.

ಕೇಸ್ ಬರದ ತಿಂಗಳಲ್ಲಿ ಅಣಕು ಕಸರತ್ತು ಮಾಡಿ. ನೀವೇ ರೋಗಿಯಾಗಿ ಹೋಗಿ ಮಲಗಿ, ಸಮಿತಿಯ ಸದಸ್ಯರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಆ ನರ್ಸ್ ರಜೆ ಇರುವ ದಿನವೇ ಹೋಗಿ. ಇದು ಮುಖ್ಯ. ಪೆಟ್ಟಿಗೆ ಅವರೊಬ್ಬರ ಕೈಯಲ್ಲಿ ಮಾತ್ರ ನಡೆಯುತ್ತದಾ, ಹೊಸದಾಗಿ ಬಂದ ಗುತ್ತಿಗೆ ನರ್ಸ್ ಕೈಯಲ್ಲೂ ನಡೆಯುತ್ತದಾ ಅಂತ ಆಗ ಗೊತ್ತಾಗುತ್ತದೆ. ಬೇರೆ ಆಸ್ಪತ್ರೆಗೆ ವರ್ಗವಾಗಿ ಹೋದವರ ಜೊತೆಗೇ ಕಾಣೆಯಾದ ಒಳ್ಳೆಯ ಕೆಲಸಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತುಂಬಿಸುವುದು ಯಾರು, ಔಷಧಿಯ ಅವಧಿ ಮುಗಿಯುವ ದಿನ ನೋಡುವುದು ಯಾರು, ಬಳಸಿದ ಮೇಲೆ ಸೀಲ್ ಹಾಕುವುದು ಯಾರು, ಇವನ್ನೂ ಅದೇ ಹಾಳೆಯಲ್ಲಿ ಬರೆಸಿ. ಹೆಸರಲ್ಲ, ಹುದ್ದೆ ಬರೆಸಿ.

ಆಮೇಲೆ ಕಳಿಸುವ ಮಾತು. ಒಂದು ಪುಟ ಸಾಕು. ತೊಂದರೆ ಏನಿತ್ತು, ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ಸಮಯ ಎಷ್ಟು ಇಳಿಯಿತು, ಎಲ್ಲಿ ಕೆಲಸ ಮಾಡಲಿಲ್ಲ. ಕೊನೆಯದ್ದನ್ನು ಬರೆಯದ ವರದಿಯನ್ನು ತಿಳಿದವರು ನಂಬುವುದಿಲ್ಲ. ರೋಗಿಗಳ ಹೆಸರು, ಫೋಟೊ ಬೇಡ. ವೈದ್ಯಾಧಿಕಾರಿಯ ಸಹಿ ಇರಲಿ, ಮೊದಲ ಹೆಸರು ಮಾತ್ರ ನರ್ಸ್‌ದೇ ಇರಲಿ. ಅದನ್ನು ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಂದ ಮಡಿಕೇರಿಯ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಆಫೀಸಿನ ಗುಣಮಟ್ಟದ ವಿಭಾಗಕ್ಕೆ ಕಳಿಸಿ. ಎನ್‌ಕ್ವಾಸ್ ಕೆಲಸ ನೋಡಿಕೊಳ್ಳುವವರು ಅವರೇ. ಜಿಲ್ಲೆಯ ಇನ್ನು ಎರಡು ಮೂರು ಕೇಂದ್ರಗಳಲ್ಲಿ ಇದನ್ನು ಮಾಡಿ ನೋಡುವ ಅಧಿಕಾರ ಅವರ ಕೈಯಲ್ಲಿದೆ. ದೆಹಲಿಗಿಂತ ನಿಮಗೆ ಅದು ಹೆಚ್ಚು ಉಪಯೋಗ. ಕುಟ್ಟದ ಕಡೆಯ ಒಂದು, ಕರಿಕೆಯ ಕಡೆಯ ಒಂದು, ಶನಿವಾರಸಂತೆಯ ಕಡೆಯ ಒಂದು, ಹೀಗೆ ಬೇರೆ ಬೇರೆ ನೆಲದಲ್ಲಿ ನಡೆದರೆ ಅದಕ್ಕೆ ಬೆಲೆ. ಅಲ್ಲೂ ಸರಿಹೋದರೆ ಬೆಂಗಳೂರಿನ ರಾಜ್ಯ ಆರೋಗ್ಯ ವ್ಯವಸ್ಥೆ ಸಂಪನ್ಮೂಲ ಕೇಂದ್ರಕ್ಕೆ, ಆಮೇಲೆ ಆ ಪೋರ್ಟಲ್‌ಗೆ.

ಇನ್ನೊಂದು ಬಾಗಿಲು ಮಡಿಕೇರಿಯ ವೈದ್ಯಕೀಯ ಕಾಲೇಜು. 2016ರಿಂದ ಜಿಲ್ಲೆಗೆ ಅದೊಂದು ಇದೆ, ನಾವು ಅದನ್ನು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಮುದಾಯ ವೈದ್ಯಶಾಸ್ತ್ರ ವಿಭಾಗದವರನ್ನು ಕಂಡು ಮಾತಾಡಿ. ನಿಮ್ಮ ಕೇಂದ್ರದ ಕೆಲಸ ಸುಧಾರಿಸಲು ಸಮಯ ಅಳೆಯುವುದಕ್ಕೆ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ. ಅದನ್ನೇ ಸಂಶೋಧನೆ ಅಂತ ಪತ್ರಿಕೆಗೆ ಬರೆಯುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಆ ದಾರಿ ಅವರಿಗೆ ಗೊತ್ತಿರುತ್ತದೆ.

ಆ ಅಧಿಕಾರಿಯ ಮಾತಿಗೆ ಏನು ಹೇಳಲಿ? ಹೊಸ ಔಷಧಿ, ಹೊಸ ಡೋಸ್, ಹೊಸ ಚಿಕಿತ್ಸಾ ಕ್ರಮ ಮೇಲಿಂದಲೇ ಬರಬೇಕು, ಅದು ನ್ಯಾಯ. ಒಬ್ಬ ನರ್ಸ್ ತನಗೆ ತೋಚಿದಂತೆ ಆಂಟಿವೆನಮ್ ಪ್ರಮಾಣ ಬದಲಿಸಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಇಲ್ಲಿ ಅವರು ಚಿಕಿತ್ಸೆಯ ಒಂದಕ್ಷರವನ್ನೂ ಬದಲಿಸಿಲ್ಲ. ಸರ್ಕಾರದ ಮಾರ್ಗಸೂಚಿಯಲ್ಲಿ ಇರುವುದನ್ನೇ ಬೇಗ ಮಾಡಲು ದಾರಿ ಮಾಡಿಕೊಂಡಿದ್ದಾರೆ. ಮೇಲಿಂದ ಬಂದದ್ದರ ಗತಿ ಏನಾಗುತ್ತದೆ ಅನ್ನುವುದಕ್ಕೂ ಸರ್ಕಾರದ್ದೇ ಲೆಕ್ಕ ಇದೆ. ದೇಶದ ಸರ್ಕಾರಿ ಆಸ್ಪತ್ರೆಗಳ ಏಳೂವರೆ ಲಕ್ಷ ವೈದ್ಯಕೀಯ ಉಪಕರಣಗಳನ್ನು ಒಂದು ಸಲ ಪಟ್ಟಿ ಮಾಡಿ ನೋಡಿದಾಗ, ರಾಜ್ಯದಿಂದ ರಾಜ್ಯಕ್ಕೆ ಶೇ. 13ರಿಂದ 34ರಷ್ಟು ಕೆಟ್ಟು ಕೂತಿದ್ದವು. ಅದಾದ ಮೇಲೆಯೇ ಉಪಕರಣಗಳ ರಿಪೇರಿಗೆ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು. ಅಧಿಕಾರಿಯ ಜೊತೆ ವಾದಕ್ಕೆ ಇಳಿಯಬೇಡಿ. ಸಮಿತಿಯ ಸಭೆಯಲ್ಲಿ ವಿಷಯ ಇಟ್ಟು, ಚಿಕಿತ್ಸಾ ಕ್ರಮದಲ್ಲಿ ಬದಲಾವಣೆ ಇಲ್ಲ, ಸಾಮಾನು ಜೋಡಣೆ ಮಾತ್ರ ಅಂತ ನಡಾವಳಿಯಲ್ಲಿ ಬರೆಸಿ. ಬರವಣಿಗೆಯಲ್ಲಿ ಇದ್ದರೆ ನಾಳೆ ಏನಾದರೂ ಹೆಚ್ಚುಕಡಿಮೆಯಾದಾಗ ನರ್ಸ್ ಒಬ್ಬರೇ ತಲೆ ಕೊಡಬೇಕಾಗಿಲ್ಲ.

ಹಣದ ಪ್ರಶ್ನೆಗೆ ಉತ್ತರ ಚಿಕ್ಕದು: ಬಳಸಬಹುದು. ಆರೋಗ್ಯ ರಕ್ಷಾ ಸಮಿತಿಗೆ ಬರುವ ಮುಕ್ತ ನಿಧಿ ಇಂಥ ಸಣ್ಣ ಸ್ಥಳೀಯ ಅಗತ್ಯಕ್ಕೇ ಇರುವುದು. ಪೆಟ್ಟಿಗೆ, ಗಾಜಿನ ಟ್ಯೂಬು, ಟೈಮರ್, ಟಾರ್ಚ್, ಲ್ಯಾಮಿನೇಟ್ ಮಾಡಿದ ಹಾಳೆ, ಇಷ್ಟಕ್ಕೂ ಸಭೆಯಲ್ಲಿ ನಿರ್ಣಯ ಮಾಡಿ, ಜಿಎಸ್‌ಟಿ ಬಿಲ್ ಇಟ್ಟು, ಸ್ಟಾಕ್ ಪುಸ್ತಕಕ್ಕೆ ಹತ್ತಿಸಿ. ಆಂಟಿವೆನಮ್ ಮತ್ತು ಅಡ್ರಿನಲಿನ್ ಮಾತ್ರ ಇಲಾಖೆಯ ಸರಬರಾಜಿನಿಂದಲೇ ಬರಲಿ, ಅದಕ್ಕೆ ಸಮಿತಿಯ ದುಡ್ಡು ಹಾಕುವ ಅಭ್ಯಾಸ ಶುರುಮಾಡಬೇಡಿ. ದಾಸ್ತಾನು ಮುಗಿಯುವ ಮೊದಲೇ ಬೇಡಿಕೆ ಹೋಗಿದೆಯಾ ಅಂತ ಪ್ರತಿ ಸಭೆಯಲ್ಲೂ ಕೇಳಿ, ಮಳೆಗಾಲಕ್ಕೆ ಮೊದಲು ಮೇ ತಿಂಗಳಲ್ಲಿ ಒಂದು ಸಲ ಜಾಸ್ತಿಯೇ ಕೇಳಿ.